ಹಲ್ಲು ಬೆಳ್ಳಗಾದ ಮೇಲೆ

ನನ್ನ ಆಪಾ ಇರುವುದು ಪಿರಿಯಾಪಟ್ಟಣದಲ್ಲಿ. ಅವರ ಹಿರಿಯ ಮಗಳಿಗೆ ಕೆ.ಆರ್.ನಗರದಿಂದ ಸಂಬಂಧ ಬಂತು. ಒಳ್ಳೆಯ ಮನೆತನ, ಹುಡುಗನೂ ನಮಾಝಿ. ಮಂಗ್ನಿಯ ದಿನ ಬಂದ ಹೆಂಗಸರಲ್ಲಿ ಒಬ್ಬರು ಹುಡುಗಿಯ ಗದ್ದ ಹಿಡಿದು, "ಮಾಷಾ ಅಲ್ಲಾಹ್, ಲಕ್ಷಣವಾಗಿದ್ದಾಳೆ. ನಗುವಾಗ ಮಾತ್ರ ಹಲ್ಲು ಸ್ವಲ್ಪ ಹಳದಿ" ಎಂದುಬಿಟ್ಟರು. ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಅಂದಿನಿಂದ ಹುಡುಗಿ ನಗುವಾಗಲೆಲ್ಲ ದುಪಟ್ಟಾದ ಅಂಚು ಬಾಯಿಗೆ ಬರತೊಡಗಿತು.

ನನ್ನ ನಾನಿ ಇದನ್ನು ಕೇಳಿದ್ದರೆ ನಗುತ್ತಿದ್ದರು. ಹುಣಸೂರಿನ ಅವರ ಮನೆಯ ಪೆಟ್ಟಿಗೆಯಲ್ಲಿ ಮಿಸ್ಸಿಯ ಒಂದು ಪುಟ್ಟ ಡಬ್ಬಿ ಇತ್ತು. ಅವರ ಕಾಲದಲ್ಲಿ ಮದುವೆಯಾದ ಹೆಣ್ಣು ಆ ಕಪ್ಪು ಪುಡಿಯನ್ನು ಹಲ್ಲಿಗೆ, ಒಸಡಿಗೆ ಹಚ್ಚಿಕೊಳ್ಳುತ್ತಿದ್ದಳು. ಹಲ್ಲಿನ ಸಂದು ಕಪ್ಪಗಿದ್ದರೆ ಅದೇ ಶೃಂಗಾರ. ಮೂರು ತಲೆಮಾರಿನಲ್ಲಿ ಶೃಂಗಾರ ಕಪ್ಪಿನಿಂದ ಬಿಳುಪಿಗೆ ಬಂದಿದೆ, ಅಷ್ಟೆ.

ನಿಕಾಹ್‌ಗೆ ಎರಡೇ ದಿನ ಇರುವಾಗ ಆಪಾ ಮಗಳನ್ನು ಮೈಸೂರಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಹಲ್ಲು ಬಿಳುಪು ಮಾಡಿಸಿಕೊಂಡು ಬಂದರು. ಹೋಗುವ ಮೊದಲು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಇದು ಜಾಯಿಝೇನಾ?" ಅಂದಕ್ಕಾಗಿ ಹಲ್ಲುಗಳನ್ನು ಅರದಿಂದ ತಿಕ್ಕಿ ಸಂದು ಮಾಡಿಸಿಕೊಳ್ಳುವವರ ಬಗ್ಗೆ ಹದೀಸಿನಲ್ಲಿ ಕಠಿಣ ಎಚ್ಚರಿಕೆ ಇದೆ. ಆದರೆ ಬಿಳುಪು ಮಾಡಿಸುವುದರಲ್ಲಿ ಹಲ್ಲಿನ ಆಕಾರ ಬದಲಾಗುವುದಿಲ್ಲ, ಕಲೆ ಹೋಗುತ್ತದೆ. ಹಾನಿ ಇಲ್ಲದಿದ್ದರೆ ಅಡ್ಡಿಯಿಲ್ಲವೆಂದೇ ಹಲವು ಆಲಿಮರು ಹೇಳಿದ್ದಾರೆ. ಅಷ್ಟು ಹೇಳಿ ನಾನು ಸುಮ್ಮನಾದೆ. ಆ 'ಹಾನಿ ಇಲ್ಲದಿದ್ದರೆ' ಎಂಬ ಮಾತನ್ನು ಇನ್ನೊಮ್ಮೆ ಒತ್ತಿ ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಕ್ಲಿನಿಕ್ಕಿನಲ್ಲಿ ಇಂಗ್ಲಿಷಿನ ಒಂದು ಹಾಳೆ ಕೊಟ್ಟಿದ್ದರು. ಬಾಯಲ್ಲಿ ಯಾರೂ ಏನೂ ವಿವರಿಸಲಿಲ್ಲ. ಆ ಹಾಳೆ ಮಡಿಚಿಕೊಂಡು ಆಪಾರ ಪರ್ಸಿನಲ್ಲೇ ಉಳಿಯಿತು. ಮರುದಿನ ಹಲ್ದಿ. ಅದರ ಮರುದಿನ ಶಾದಿ ಮಹಲ್‌ನಲ್ಲಿ ಬಿರಿಯಾನಿ, ದಾಲ್ಚಾ, ಹಳದಿ ಬಣ್ಣದ ಝರ್ದಾ, ಕೊನೆಗೆ ಗೆಳತಿಯರು ಬಾಯಿಗಿಟ್ಟ ಪಾನ್. ಮದುಮಗಳು ಯಾರಿಗೆ ತಾನೇ ಬೇಡ ಎನ್ನಬಲ್ಲಳು? ಅಂದು ರಾತ್ರಿಯೇ ಹಲ್ಲು ಜುಮ್ಮೆನ್ನಲು ಶುರುವಾಯಿತಂತೆ. ಅತ್ತೆ ಮನೆಯಲ್ಲಿ ಬೆಳಿಗ್ಗೆ ಕುದಿಯುವ ಚಹಾ, ಮಧ್ಯಾಹ್ನ ಬಂದವರೊಂದಿಗೆ ತಣ್ಣನೆಯ ಶರಬತ್ತು. ಎರಡಕ್ಕೂ ಹಲ್ಲು ಚುಳ್ಳೆನ್ನುತ್ತಿತ್ತು. ಹೊಸ ಸೊಸೆ, ತಲೆ ತಗ್ಗಿಸಿ ಕುಡಿದಳು. ಒಂದು ವಾರದಲ್ಲಿ ಬಿಳುಪು ಮಾಸಿದಂತೆ ಕಂಡು ಇನ್ನಷ್ಟು ಹೆದರಿದಳು. ಬಚ್ಚಲಿನ ಬಾಗಿಲು ಹಾಕಿಕೊಂಡು ನಿಂಬೆರಸಕ್ಕೆ ಅಡುಗೆ ಸೋಡ ಬೆರೆಸಿ ಹಲ್ಲು ತಿಕ್ಕಿದಳು. ಮೊಬೈಲಿನಲ್ಲಿ ಯಾರೋ ಹೇಳಿದ್ದು ನೋಡಿ ಇದ್ದಿಲ ಪುಡಿಯನ್ನೂ ಹಚ್ಚಿದಳು.

ಎರಡನೆಯ ಜುಮಗಿಗೆ ತವರಿಗೆ ಬಂದಾಗ ಅವಳು ಬಟ್ಟಲಲ್ಲಿದ್ದ ಐಸ್‌ಕ್ರೀಮನ್ನು ಮುಟ್ಟಲಿಲ್ಲ. ಚಿಕ್ಕಂದಿನಿಂದ ಐಸ್‌ಕ್ರೀಮಿಗೆ ಜಗಳವಾಡಿದವಳು. ಒಳಗೆ ಕರೆದು ಕೇಳಿದಾಗ, "ಖಾಲಾ, ಗಾಳಿ ತಾಗಿದರೂ ನೋಯುತ್ತೆ" ಎಂದು ಅತ್ತಳು. ಆಗ ಆಪಾರ ಪರ್ಸಿನಿಂದ ಆ ಹಾಳೆ ಹೊರಬಂತು. ಅದರಲ್ಲಿದ್ದ ಹನ್ನೊಂದು ಸೂಚನೆಗಳಲ್ಲಿ ಒಂದನ್ನೂ ನಾವು ಪಾಲಿಸಿರಲಿಲ್ಲ.

ನಾನು ಅವಳನ್ನು ಹುಣಸೂರಿನ ಒಬ್ಬ ದಂತ ವೈದ್ಯೆಯ ಬಳಿಗೆ ಕರೆದೊಯ್ದೆ. ಅವರು ಕನ್ನಡದಲ್ಲಿ, ಅವಸರವಿಲ್ಲದೆ ವಿವರಿಸಿದರು. ಬಿಳುಪು ಮಾಡಲು ಹಚ್ಚುವುದು ಪೆರಾಕ್ಸೈಡ್ ಇರುವ ಜೆಲ್. ಅದರಿಂದ ಬಿಡುಗಡೆಯಾಗುವ ಆಮ್ಲಜನಕ ಹಲ್ಲಿನ ಹೊರಪದರವಾದ ಎನಾಮೆಲ್‌ನೊಳಗೆ ಇಳಿದು ಕಲೆಯ ಬಣ್ಣವನ್ನು ಒಡೆಯುತ್ತದೆ. ಒಳಗಿನ ನರಕ್ಕೂ ಅದರ ಬಿಸಿ ತಾಗುವುದರಿಂದ ಕೆಲವು ದಿನ ಜುಮ್ಮೆನ್ನುವುದು ಸಹಜ, ಅದು ತಾನಾಗಿ ಇಳಿಯುತ್ತದೆ. ಮೊದಲ 48 ಗಂಟೆ ಮಾತ್ರ ಬಹಳ ಎಚ್ಚರ ಬೇಕು. ಆಗ ಹಲ್ಲು ಹೊರಗಿನ ಬಣ್ಣವನ್ನು ಸುಲಭವಾಗಿ ಹಿಡಿಯುತ್ತದೆ.

"ಬಿಳಿ ಬಟ್ಟೆಯ ಮೇಲೆ ಬಿದ್ದರೆ ಕಲೆಯಾಗುವ ಯಾವುದನ್ನೂ ಎರಡು ದಿನ ಬಾಯಿಗೆ ಹಾಕಬೇಡಿ, ಲೆಕ್ಕ ಇಷ್ಟೇ" ಎಂದರು. ಮನೆಗೆ ಬಂದು ನಮ್ಮ ಅಡುಗೆಮನೆಯನ್ನು ಈ ಲೆಕ್ಕದಲ್ಲಿ ನೋಡಿದೆ. ಅರಿಶಿನ ಹಾಕಿದ ಸಾಲನ್, ಹುಣಿಸೆ ಹುಳಿಯ ಸಾರು, ಟೊಮೆಟೊ, ಬೀಟ್‌ರೂಟ್, ಚಹಾ, ಕಾಫಿ, ನೇರಳೆ, ದಾಳಿಂಬೆ ಎಲ್ಲವೂ ಹೋಯಿತು. ಉಳಿಯುವುದು ಮೊಸರನ್ನ, ಇಡ್ಲಿ, ಬರೀ ಕಾಯಿ ಚಟ್ನಿ, ಹಾಲು, ಬಾಳೆಹಣ್ಣು, ಗಂಜಿ, ಅರಿಶಿನವಿಲ್ಲದೆ ಬೇಯಿಸಿದ ಕೋಳಿ. ಮುದ್ದೆಯಿಲ್ಲದೆ ಊಟವೇ ಅಲ್ಲ ಎನ್ನುವ ನಮ್ಮ ಕಡೆಯವರಿಗೆ ಕಷ್ಟವೇ. ಮುದ್ದೆ ಹೇಗೋ ಇರಲಿ, ಸಾರಿಲ್ಲದೆ ಅದನ್ನು ನುಂಗುವುದು ಹೇಗೆ? ಆದರೂ ಎರಡೇ ದಿನ. ಮದುವೆಯ ಎರಡು ದಿನ ಇದನ್ನು ಪಾಲಿಸಲು ಯಾವ ಮದುಮಗಳಿಗೂ ಆಗದು. ಮಾಡಿಸುವುದೇ ಆದರೆ ಮೂರು ವಾರ ಮೊದಲು ಮಾಡಿಸಬೇಕಿತ್ತು. ನಾವು ಸೀರೆಯ ಬ್ಲೌಸನ್ನು ಒಂದು ತಿಂಗಳು ಮೊದಲೇ ಹೊಲಿಯಲು ಕೊಡುತ್ತೇವೆ, ಹಲ್ಲಿಗೆ ಎರಡು ದಿನ ಸಾಕೆಂದುಕೊಂಡೆವು.

ತಿಕ್ಕಿದ ವಿಷಯ ಕೇಳಿ ವೈದ್ಯೆ ತಲೆ ಚಚ್ಚಿಕೊಂಡರು. ಎನಾಮೆಲ್ ಒಮ್ಮೆ ಸವೆದರೆ ಉಗುರಿನಂತೆ ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗಿನ ಪದರದ ಬಣ್ಣವೇ ಹಳದಿ. ಬೆಳ್ಳಗಾಗಲೆಂದು ಇದ್ದಿಲು, ಉಪ್ಪು, ಬೂದಿ ಹಾಕಿ ತಿಕ್ಕಿದಷ್ಟೂ ಒಳಗಿನ ಹಳದಿ ಹೊರಗೆ ಕಾಣುತ್ತದೆ. ನಿಂಬೆಯ ಹುಳಿ ಎನಾಮೆಲನ್ನು ಮೆದು ಮಾಡುತ್ತದೆ. ಹಾಗಾಗಿ ಹುಳಿ ತಿಂದ ಕೂಡಲೇ ಬ್ರಷ್ ಮಾಡದೆ ನೀರಿನಿಂದ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕಾಯಬೇಕು. ಜುಮ್ಮೆನ್ನುವ ಹಲ್ಲಿಗೆಂದೇ ಇರುವ, ಪೊಟ್ಯಾಸಿಯಂ ನೈಟ್ರೇಟ್ ಬೆರೆತ ಪೇಸ್ಟ್ ಬರೆದುಕೊಟ್ಟರು. ಮೃದುವಾದ ಬ್ರಷ್, ಉಗುರುಬೆಚ್ಚಗಿನ ನೀರು. ಬಣ್ಣದ ಮೌತ್‌ವಾಶ್ ಅನ್ನು ಕೇಳದೆ ಬಳಸಬೇಡಿ ಎಂದರು. ಕ್ಲೋರ್‌ಹೆಕ್ಸಿಡಿನ್ ಇರುವುದನ್ನು ಹೆಚ್ಚು ದಿನ ಬಳಸಿದರೆ ಅದೇ ಹಲ್ಲನ್ನು ಕಂದಾಗಿಸುತ್ತದಂತೆ. ಹುಳುಕಿಗೆ ತುಂಬಿಸಿದ ಸಿಮೆಂಟಾಗಲಿ, ಕ್ಯಾಪ್ ಆಗಲಿ ಜೆಲ್‌ನಿಂದ ಬೆಳ್ಳಗಾಗುವುದಿಲ್ಲ. ಗರ್ಭಿಣಿಯರು, ಹಾಲೂಡಿಸುವವರು ಈ ಚಿಕಿತ್ಸೆಯನ್ನು ಮುಂದೂಡಬೇಕು.

ಮಿಸ್ವಾಕ್ ಬಗ್ಗೆ ನಾನೇ ಕೇಳಿದೆ. ಉಮ್ಮತಿಗೆ ಕಷ್ಟವಾಗದಿರಲೆಂದಲ್ಲದಿದ್ದರೆ ಪ್ರತಿ ನಮಾಝಿಗೂ ಅದನ್ನು ಕಡ್ಡಾಯಗೊಳಿಸುತ್ತಿದ್ದೆನೆಂದು ಪ್ರವಾದಿ(ಸ)ರವರು ಹೇಳಿದ ವಸ್ತು ಅದು, ಬಿಡುವುದು ಹೇಗೆ? ಬಿಡಬೇಕಿಲ್ಲ ಎಂದರು. ಒಣಗಿದ ಗಟ್ಟಿ ಕಡ್ಡಿಯಿಂದ ಉಜ್ಜಬಾರದು. ನೀರಲ್ಲಿ ನೆನೆಸಿ, ತುದಿಯನ್ನು ಜಗಿದು ಮೆತ್ತಗೆ ಮಾಡಿ, ಒಸಡಿನಿಂದ ಹಲ್ಲಿನ ಕಡೆಗೆ ನಿಧಾನವಾಗಿ ಆಡಿಸಬೇಕು. ನೋವು ಜೋರಾಗಿರುವಷ್ಟು ದಿನ ಬ್ರಷ್ಷೇ ಸಾಕು. ರಮಝಾನಿನಲ್ಲಿ ನಮ್ಮ ಹನಫೀ ಆಲಿಮರು ಹಗಲು ಪೇಸ್ಟ್ ಬಳಸುವುದನ್ನು ಮಕ್ರೂಹ್ ಎನ್ನುತ್ತಾರೆ. ಪೇಸ್ಟನ್ನು ಸಹರಿಯ ಸಮಯ ಮುಗಿಯುವ ಮೊದಲು ಮತ್ತು ಇಫ್ತಾರಿನ ನಂತರ ಹಚ್ಚಿದರಾಯಿತು.

ಅಂದು ನಮ್ಮೊಂದಿಗೆ ಎಚ್.ಡಿ.ಕೋಟೆಯಿಂದ ಬಂದಿದ್ದ ಫುಪ್ಪೂ ಇದ್ದರು. ಅವರು ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕುವವರು. ಹಲ್ಲು ಇಟ್ಟಿಗೆಯ ಬಣ್ಣ. "ನನಗೂ ಬೆಳ್ಳಗೆ ಮಾಡಮ್ಮಾ" ಎಂದು ತಮಾಷೆಗೆ ಬಾಯಿ ತೆರೆದರು. ವೈದ್ಯೆ ನಗಲಿಲ್ಲ. ದೀಪ ಹಿಡಿದು ಕೆನ್ನೆಯ ಒಳಭಾಗವನ್ನು ಬಹಳ ಹೊತ್ತು ನೋಡಿದರು. ಒಂದು ಬಿಳಿ ಮಚ್ಚೆ ಇತ್ತು. ಬಿಳುಪಿನ ಮಾತು ಆಮೇಲೆ, ಮೊದಲು ಮೈಸೂರಿಗೆ ಹೋಗಿ ಇದನ್ನು ಪರೀಕ್ಷಿಸಿಕೊಳ್ಳಿ ಎಂದರು. ಮೈಸೂರಿನಲ್ಲಿ ಜೆಎಸ್‌ಎಸ್, ಫಾರೂಕಿಯಾ ಎಂಬ ಎರಡು ದಂತ ಕಾಲೇಜುಗಳಿವೆ. ಹುಣಸೂರಿನಿಂದ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ ಅಷ್ಟೆ. ನಮ್ಮ ನಾಲ್ಕೂ ತಾಲ್ಲೂಕುಗಳ ಹೊಲದಲ್ಲಿ ಬೆಳೆಯುವ ವರ್ಜೀನಿಯಾ ಸೊಪ್ಪು ಬ್ಯಾರನ್‌ನಲ್ಲಿ ಬೆಂದು, ಹರಾಜಾಗಿ ಸಿಗರೇಟಿಗೆ ಹೋಗುತ್ತದೆ. ಬಾಯಿಗೆ ಹಾಕುವ ತಂಬಾಕು ಅಂಗಡಿಯ ಪೊಟ್ಟಣದಲ್ಲಿ ಮನೆಗೆ ಬರುತ್ತದೆ. ಗಂಡಸರ ಬೀಡಿಯ ವಿಷಯ ಮಾತಾಡುವ ನಾವು ಹೆಂಗಸರ ಈ ಪೊಟ್ಟಣದ ವಿಷಯ ಮಾತಾಡುವುದಿಲ್ಲ. ಫುಪ್ಪೂ ಪರೀಕ್ಷೆಯಲ್ಲಿ ಸದ್ಯಕ್ಕೆ ಭಯಪಡುವಂಥದ್ದು ಕಂಡಿಲ್ಲ, ಅಲ್‌ಹಮ್ದುಲಿಲ್ಲಾಹ್. ಮೂರು ತಿಂಗಳಿಗೊಮ್ಮೆ ಬರಲು ಹೇಳಿದ್ದಾರೆ. ಪೊಟ್ಟಣ ಬಿಟ್ಟಿದ್ದೇನೆ ಎನ್ನುತ್ತಾರೆ. ನಾನು ಪೂರ್ತಿ ನಂಬಿಲ್ಲ.

ಹುಡುಗಿಯನ್ನು ಕೆ.ಆರ್.ನಗರಕ್ಕೆ ಬಿಡಲು ನಾನೇ ಹೋದೆ. ಅವಳ ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಆಪಾಗೆ ಇದು ಇಷ್ಟವಿರಲಿಲ್ಲ, ಮರ್ಯಾದೆ ಹೋಗುತ್ತದೆಂದು ಅವರ ಅಂಜಿಕೆ. ಅತ್ತೆ ಕೇಳಿಸಿಕೊಂಡು, "ಅಯ್ಯೋ, ನನಗೂ ತಣ್ಣೀರು ಕುಡಿದರೆ ಹೀಗೇ ಆಗುತ್ತೆ. ಹತ್ತು ದಿನ ನನ್ನ ಮುಂದೆ ಕುಳಿತು ಬಿಸಿ ಚಹಾ ಕುಡಿದೆಯಲ್ಲೇ, ಬೇಡ ಅನ್ನೋಕೆ ಏನಾಗಿತ್ತು?" ಎಂದು ಸೊಸೆಯ ಬೆನ್ನಿಗೆ ಮೆಲ್ಲಗೆ ಒಂದು ಕೊಟ್ಟರು. ನೋವು ಇಳಿಯಲು ಸುಮಾರು ಒಂದೂವರೆ ತಿಂಗಳು ಹಿಡಿಯಿತು. ಮುಂದಿನ ಎರಡು ಹಲ್ಲುಗಳ ಅಂಚು ಸವೆದದ್ದು ಹಾಗೇ ಇದೆ.

ಈಗ ಆಪಾರ ಎರಡನೆಯ ಮಗಳಿಗೆ ಸಂಬಂಧ ನೋಡುತ್ತಿದ್ದಾರೆ. ಮೊನ್ನೆ ಫೋನ್ ಮಾಡಿ, ಇವಳಿಗೆ ಎಷ್ಟು ವಾರ ಮೊದಲು ಮಾಡಿಸಬೇಕು ಎಂದು ಕೇಳಿದರು. ಪಕ್ಕದಲ್ಲೇ ಇದ್ದ ಹುಡುಗಿ ಫೋನ್ ಕಸಿದುಕೊಂಡು, "ಖಾಲಾ, ನನಗೆ ಬರೀ ಕ್ಲೀನಿಂಗ್ ಸಾಕು, ಅಮ್ಮಿಗೆ ಹೇಳಿ" ಎಂದಳು.