ಚಿಕ್ಕಪ್ಪನ ಜೊತೆ ನೋಡಿದ ಸಿನಿಮಾಗಳು

ಸಿನಿಮಾ ಬಗ್ಗೆ ಬರೆದು ಬಹಳ ದಿನ ಆಯ್ತು. ಈ ಸಲ ಬರೀತಿರೋದೆಲ್ಲಾ ಹಳೇ ಸಿನಿಮಾಗಳ ಬಗ್ಗೆನೇ. ಆದರೆ ನೋಡಿದ್ದು ನಾನೊಬ್ಬನೇ ಅಲ್ಲ. ಮಂಡಿ ನೋವಿಗೆ ತೋರಿಸ್ಕೊಳ್ಳೋಕೆ ಅಂತ ಊರಿಂದ ಚಿಕ್ಕಪ್ಪ ಬಂದು ಹನ್ನೆರಡು ದಿನ ನಮ್ಮನೇಲಿದ್ದ. ನನ್ನ ಆಫೀಸ್ ಕಾಲ್‌ಗಳು ಮುಗಿದು ಊಟ ಆಗೋ ಹೊತ್ತಿಗೆ ರಾತ್ರಿ ಒಂಬತ್ತೂವರೆ. ಆಮೇಲೆ ಟೀವಿ ಮುಂದೆ ನಾವಿಬ್ಬರೇ. ಚಿಕ್ಕಪ್ಪಂಗೆ ಇಂಗ್ಲಿಷ್ ಬರಲ್ಲ, ಸಬ್‌ಟೈಟಲ್ ಓದಿ ಹೇಳೋ ಕೆಲಸ ನಂದು. ಎರಡನೇ ದಿನಕ್ಕೆ ಅವನೇ "ನೀನು ಸುಮ್ಕಿರ್ಲಾ, ನಂಗೆ ಗೊತ್ತಾಯ್ತದೆ" ಅಂದ.

ಮೊದಲ ದಿನ ಹಾಕಿದ್ದು ಈಚೆಗೆ ಬಂದ ಒಂದು ದೊಡ್ಡ ಬಜೆಟ್ಟಿನ, ಐದು ಭಾಷೆಯ ಸಿನಿಮಾ. ಹೆಸರು ಬೇಡ ಬಿಡಿ, ಅಭಿಮಾನಿಗಳು ನಂಗೆ ಬೈತಾರೆ. ಹೀರೋ ಒಬ್ಬನೇ ಐವತ್ತು ಜನರನ್ನ ಗಾಳೀಲಿ ಹಾರಿಸ್ತಾನೆ, ಬಿಜಿಎಂ ಕಿವಿ ಹರಿಯುತ್ತೆ. ಇಂಟರ್‌ವಲ್ ಹೊತ್ತಿಗೆ ಚಿಕ್ಕಪ್ಪ ಒಂದೇ ಪ್ರಶ್ನೆ ಕೇಳಿದ: "ಅಷ್ಟೊಂದು ಜನಕ್ಕೆ ಹೊಡೆದ್ನಲ್ಲ, ಇವನ ಕೈ ನೋಯಲ್ವೇನ್ಲಾ?"

ನಾನು ಇಷ್ಟು ವರ್ಷ ಆಕ್ಷನ್ ಸಿನಿಮಾ ನೋಡಿ ಹೇಳಬೇಕು ಅನ್ಕೊಂಡಿದ್ದು ಇಷ್ಟೇ. ಹೊಡೆದವನ ಕೈಯೂ ನೋಯಬೇಕು. ನೋವಿಲ್ಲದ ಹೊಡೆದಾಟಕ್ಕೂ ಡ್ಯಾನ್ಸಿಗೂ ವ್ಯತ್ಯಾಸ ಇಲ್ಲ. ಡ್ಯಾನ್ಸೇ ವಾಸಿ, ಹಾಡಾದ್ರೂ ಇರುತ್ತೆ.

ಮಾರನೇ ದಿನ 'ದಿ ರೇಡ್' ಹಾಕಿದೆ. 2011ರ ಇಂಡೋನೇಷ್ಯಾ ಸಿನಿಮಾ. ಮಾಡಿದವನು ಗ್ಯಾರೆತ್ ಇವಾನ್ಸ್, ವೇಲ್ಸ್ ದೇಶದವನು. ಅಲ್ಲಿನ ಸಿಲಾಟ್ ಅನ್ನೋ ಕಾಳಗದ ವಿದ್ಯೆ ಬಗ್ಗೆ ಡಾಕ್ಯುಮೆಂಟರಿ ಮಾಡೋಕೆ ಹೋದವನಿಗೆ ಇಕೊ ಉವೈಸ್ ಅನ್ನೋ ಹುಡುಗ ಸಿಕ್ಕ, ಅವನೇ ಮುಂದೆ ಹೀರೋ ಆದ. ಕಥೆ ಇಷ್ಟೇ: ಜಕಾರ್ತದ ಒಂದು ಹಳೇ ಅಪಾರ್ಟ್‌ಮೆಂಟಿನ ಮೇಲಿನ ಮಹಡೀಲಿ ಡಾನ್ ಕೂತಿದ್ದಾನೆ, ಕೆಳಗಿಂದ ಪೊಲೀಸ್ ತಂಡ ಹತ್ತಬೇಕು. ಡಾನ್ ಮೈಕಿನಲ್ಲಿ ಅನೌನ್ಸ್ ಮಾಡ್ತಾನೆ, ಪೊಲೀಸರನ್ನ ಮುಗಿಸಿದವರಿಗೆ ಬಾಡಿಗೆ ಮಾಫಿ ಅಂತ. ಬೆಂಗಳೂರಲ್ಲಿ ಯಾರಾದ್ರೂ ಹೀಗೆ ಅನೌನ್ಸ್ ಮಾಡಿದ್ರೆ ಏನಾಗುತ್ತೆ ಅಂತ ಯೋಚಿಸಿ ನಂಗೇ ಭಯ ಆಯ್ತು. ಇನ್ನೊಂದು ತಮಾಷೆ, ಹೀರೋ ಹೆಸರು ರಾಮ. ಅದೇ ಕಟ್ಟಡದಲ್ಲಿ ಡಾನ್ ಕಡೆ ಸೇರಿಕೊಂಡಿರೋ ಅಣ್ಣನೂ ಒಬ್ಬ ಇದ್ದಾನೆ. ಇದನ್ನ ಹೇಳಿದ ಮೇಲೆ ಚಿಕ್ಕಪ್ಪ ಕಾಲು ಮಡಚಿ ಸರಿಯಾಗಿ ಕೂತ, ಮಂಡಿ ನೋವು ಮರೆತು.

ಅದರಲ್ಲೊಂದು ಸೀನ್ ಇದೆ. ರಾಮ ಗಾಯ ಆಗಿರೋ ಜೊತೆಗಾರನನ್ನ ಅಪ್ಪಿಕೊಂಡು ಗೋಡೆಯ ಪೊಳ್ಳಿನಲ್ಲಿ ಅಡಗಿದ್ದಾನೆ. ಆಚೆ ಕಡೆ ಮಚ್ಚು ಹಿಡಿದವರು ಅನುಮಾನಕ್ಕೆ ಗೋಡೆಗೆ ಚುಚ್ಚುತ್ತಾ ಬರ್ತಾರೆ. ಒಂದು ಮಚ್ಚು ಒಳಗೆ ಬಂದು ರಾಮನ ಕೆನ್ನೆ ಸೀಳಿ ನಿಲ್ಲುತ್ತೆ. ಕೂಗೋ ಹಾಗಿಲ್ಲ, ಅಲ್ಲಾಡೋ ಹಾಗಿಲ್ಲ. ಮಚ್ಚು ವಾಪಸ್ ಹೋಗುವಾಗ ಅದರ ಮೇಲಿನ ರಕ್ತ ಒರೆಸಿ ಕಳಿಸ್ತಾನೆ, ರಕ್ತ ಕಂಡರೆ ಕತೆ ಮುಗೀತಲ್ಲ. ಇಡೀ ಸಿನಿಮಾದಲ್ಲಿ ನೂರು ಏಟು ಬಿದ್ದಿರಬಹುದು, ಆದರೆ ನಮ್ಮಿಬ್ಬರ ಉಸಿರು ನಿಂತಿದ್ದು ಯಾರೂ ಯಾರಿಗೂ ಹೊಡೆಯದ ಆ ಸೀನಲ್ಲಿ.

ಈಗ ಚಿಕ್ಕಪ್ಪನ ಬಗ್ಗೆ ಒಂದು ವಿಷಯ ಹೇಳಬೇಕು. ಅವನ ಎಡಗೈಲಿ ಮೂರೇ ಬೆರಳು. ನಾನು ಮೂರನೇ ಕ್ಲಾಸಲ್ಲಿದ್ದಾಗ ಆಲೆಮನೇಲಿ ಗಾಣಕ್ಕೆ ಕಬ್ಬು ಕೊಡ್ತಾ ಕೊಡ್ತಾ ಕೈ ಒಳಗೆ ಹೋಯ್ತು. ರಾತ್ರಿ ಪಾಳಿ, ನಿದ್ದೆ ಕಣ್ಣು. ಊರಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ. ಆದರೂ ಮದುವೆ, ಬೀಗರೂಟ, ತಿಥಿ, ಎಲ್ಲಿ ಹೋದರೂ ಹೊಸಬರು ಯಾರಾದ್ರೂ ಒಬ್ಬರು ಕೇಳೇ ಕೇಳ್ತಾರೆ, "ಬೆರಳಿಗೇನಾಯ್ತು?" ಅವನು ಪ್ರತಿ ಸಲವೂ ಹೇಳ್ತಾನೆ. ಮೊದಮೊದಲು ಪೂರ್ತಿ ಹೇಳ್ತಿದ್ದ, ಈಗ "ಗಾಣ" ಅಂತಾನೆ, ಅಷ್ಟೇ. ಎಡಗೈ ಪಂಚೆ ಮಡಿಕೇಲಿ ಇಟ್ಕೊಂಡು ಕೂರೋದು ಅವನ ಅಭ್ಯಾಸ. ಅದು ಇಷ್ಟು ವರ್ಷದಿಂದ ಹಾಗೇ ಇದೆ, ಹಾಗಾಗಿ ನಮಗೆ ಕಾಣೋದೇ ಇಲ್ಲ.

ನಾಲ್ಕನೇ ದಿನ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್'. ಜಾರ್ಜ್ ಮಿಲ್ಲರ್ 2015ರಲ್ಲಿ ಮಾಡಿದ್ದು, ಬಹುಪಾಲು ಶೂಟಿಂಗ್ ನಮೀಬಿಯಾದ ಮರಳುಗಾಡಲ್ಲಿ. ಮಾತು ಕಮ್ಮಿ, ಗಾಡಿ ಜಾಸ್ತಿ. ಎಷ್ಟೇ ವೇಗವಾಗಿ ಕಟ್ ಆದರೂ ನೋಡಬೇಕಾದ್ದು ಪರದೆಯ ನಡುವಲ್ಲೇ ಇರುತ್ತೆ, ಕಣ್ಣು ಹುಡುಕಾಡೋದು ಬೇಡ. ಎಡಿಟ್ ಮಾಡಿದ ಮಾರ್ಗರೆಟ್ ಸಿಕ್ಸೆಲ್‌ಗೆ ಆಸ್ಕರ್ ಬಂತು, ಬರಲೇಬೇಕಿತ್ತು. ನಮ್ಮ ಸಿನಿಮಾಗಳ ಎಡಿಟರ್‌ಗಳು ಇದನ್ನ ತಿಂಗಳಿಗೊಂದು ಸಲ ನೋಡಬೇಕು ಅಂತ ನನ್ನ ಅಭಿಪ್ರಾಯ.

ಅದರ ನಿಜವಾದ ಹೀರೋ ಮ್ಯಾಕ್ಸ್ ಅಲ್ಲ, ಫ್ಯೂರಿಯೋಸಾ. ಚಾರ್ಲೀಸ್ ಥೆರಾನ್ ಮಾಡಿರೋ ಪಾತ್ರ. ಅವಳಿಗೆ ಎಡಗೈ ಮುಂಗೈ ಇಲ್ಲ, ಕಬ್ಬಿಣದ ಕೈ ಕಟ್ಟಿಕೊಂಡು ಲಾರಿ ಓಡಿಸ್ತಾಳೆ. ಮ್ಯಾಕ್ಸ್ ಜೊತೆ ಮೊದಲ ಸಲ ಜಗಳಕ್ಕೆ ಬಿದ್ದಾಗ ಆ ಕಬ್ಬಿಣದ ಕೈಯೂ ಇರಲ್ಲ, ಮೋಟುಗೈಲೇ ಹೊಡೆದಾಡ್ತಾಳೆ. ಮುಂದೆ ಇನ್ನೊಂದು ಸೀನಲ್ಲಿ ಬಂದೂಕಿನಲ್ಲಿ ಒಂದೇ ಗುಂಡು ಉಳಿದಿರುತ್ತೆ. ಮ್ಯಾಕ್ಸ್ ಗುರಿ ತಪ್ಪಿ ಸುಮ್ಮನೆ ಬಂದೂಕನ್ನ ಅವಳಿಗೆ ಕೊಡ್ತಾನೆ. ಅವಳು ಅವನ ಹೆಗಲ ಮೇಲೇ ಇಟ್ಟು ಹೊಡೀತಾಳೆ. ಆ ಕೈ ಎಲ್ಲಿ ಹೋಯ್ತು, ಹೆಂಗೆ ಹೋಯ್ತು ಅಂತ ಎರಡು ಗಂಟೆಯ ಸಿನಿಮಾದಲ್ಲಿ ಯಾರೂ ಕೇಳಲ್ಲ. ಅವಳೂ ಹೇಳಲ್ಲ.

ಸಿನಿಮಾ ಮುಗೀತು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ, "ಆ ಹೆಂಗ್ಸಿನ ಕೈ ವಿಚಾರ ಯಾರೂ ಕೇಳ್ಳೇ ಇಲ್ಲ ನೋಡು. ಒಳ್ಳೇ ಜನ ಕಣ್ಲಾ." ಆ ಸಿನಿಮಾದಲ್ಲಿ ಇರೋರು ಒಳ್ಳೇ ಜನ ಅಂತ ಹೇಳಿದ ಪ್ರೇಕ್ಷಕ ಪ್ರಪಂಚದಲ್ಲಿ ಇವನೊಬ್ಬನೇ ಇರಬೇಕು. ಅವತ್ತು ನೀರು ಕುಡಿಯೋಕೆ ಲೋಟ ಕೊಟ್ಟಾಗ ಎಡಗೈಲಿ ತಗೊಂಡ.

2024ರಲ್ಲಿ ಅದೇ ಮಿಲ್ಲರ್ 'ಫ್ಯೂರಿಯೋಸಾ' ಅಂತ ಹಿಂದಿನ ಕಥೆ ಮಾಡಿದ್ದಾನೆ. ಅದರಲ್ಲಿ ಆ ಕೈ ಹೋದ ಕಥೆ ಪೂರ್ತಿ ಇದೆ, ತಪ್ಪಿಸ್ಕೊಳ್ಳೋಕೆ ತಾನೇ ಕತ್ತರಿಸ್ಕೊಳ್ತಾಳೆ. ಚೆನ್ನಾಗೇ ಇದೆ, ಚೇಸ್‌ಗಳಂತೂ ಸೂಪರ್. ಆದರೂ ನಂಗೆ ಆ ಕಥೆ ಬೇಕಿರಲಿಲ್ಲ. ಚಿಕ್ಕಪ್ಪಂಗೆ ಇನ್ನೊಂದು ಭಾಗ ಇದೆ ಅಂತಲೂ ಹೇಳಲಿಲ್ಲ.

ಹಾರರ್ ಕಡೆ ಬರೋಣ. 'ಈವಿಲ್ ಡೆಡ್' (1981) ನೋಡಿ ಚಿಕ್ಕಪ್ಪ ನಕ್ಕಿದ್ದೇ ನಕ್ಕಿದ್ದು. ಸ್ಯಾಮ್ ರೈಮಿಗೆ ಆಗ ಇಪ್ಪತ್ತರ ಆಸುಪಾಸು ವಯಸ್ಸು, ದುಡ್ಡಿಲ್ಲ. ಒಂದು ಹಲಗೆಗೆ ಕ್ಯಾಮರಾ ಬಿಗಿದು, ಎರಡೂ ತುದಿ ಇಬ್ಬರು ಹಿಡ್ಕೊಂಡು ಕಾಡಲ್ಲಿ ಓಡಿದ್ದಾರೆ, ಅದೇ ದೆವ್ವದ ಕಣ್ಣು. ನಂಗೆ ಇವತ್ತಿಗೂ ಮೈ ಜುಮ್ಮೆನ್ನುತ್ತೆ. ಚಿಕ್ಕಪ್ಪಂಗೆ ಮಾತ್ರ ರಾತ್ರಿ ಹೊತ್ತು ನೀರು ಕಟ್ಟೋಕೆ ಗದ್ದೆಗೆ ಹೋಗಿ ಅಭ್ಯಾಸ, ಕಾಡು, ಕತ್ತಲೆ ಅಂದ್ರೆ ಹೆದರಿಕೆನೇ ಇಲ್ಲ. 90ರ ದಶಕದಲ್ಲಿ ಊರೂರಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದು ನಿಮಗೆ ನೆನಪಿರಬಹುದು. ನಮ್ಮನೆ ಬಾಗಿಲಿಗೆ ಸುಣ್ಣದಲ್ಲಿ ಬರೆದವನು ಇವನೇ. ಅದೇ ಪುಕಾರು ಎತ್ಕೊಂಡು 2018ರಲ್ಲಿ ಹಿಂದಿಯವರು 'ಸ್ತ್ರೀ' ಮಾಡಿ ದುಡ್ಡು ಮಾಡಿದ್ರು, ಚಂದೇರಿಗೆ ಒಯ್ದು. ನಮ್ಮೂರ ದೆವ್ವ, ಅವರ ಕಲೆಕ್ಷನ್.

ಕೊನೆ ರಾತ್ರಿ 'ದಿ ಥಿಂಗ್'. ಜಾನ್ ಕಾರ್ಪೆಂಟರ್, 1982. ಥಿಯೇಟರಲ್ಲಿ ಬಂದಾಗ ಮಕಾಡೆ ಮಲಗಿತ್ತು, ಎರಡು ವಾರ ಮುಂಚೆ ಬಂದ ಸ್ಪೀಲ್‌ಬರ್ಗ್‌ನ 'ಇ.ಟಿ.' ಎದುರು ಯಾರಿಗೂ ಬೇಡ ಆಯ್ತು. ಆಮೇಲೆ ವಿಡಿಯೋ ಕ್ಯಾಸೆಟ್ಟಲ್ಲಿ ನೋಡಿ ನೋಡಿ ಜನ ಅದನ್ನ ತಲೆ ಮೇಲೆ ಹೊತ್ಕೊಂಡ್ರು. ಅಂಟಾರ್ಕ್ಟಿಕಾದ ಹಿಮ. ಒಂದು ನಾಯಿ ಓಡ್ತಿದೆ, ನಾರ್ವೆಯವರು ಹೆಲಿಕಾಪ್ಟರಿಂದ ಅದಕ್ಕೆ ಗುಂಡು ಹಾರಿಸ್ತಿದ್ದಾರೆ. ನಾಯಿ ಅಮೆರಿಕದವರ ಕ್ಯಾಂಪ್ ಸೇರುತ್ತೆ. ನಾರ್ವೆಯವನು ಅವನ ಭಾಷೇಲಿ ಏನೋ ಕೂಗ್ತಾನೆ, ಕೆಳಗೆ ಸಬ್‌ಟೈಟಲ್ ಇಲ್ಲ. ಅಮೆರಿಕದವರಿಗೆ ಅರ್ಥ ಆಗಲ್ಲ, ನಮಗೂ ಆಗಲ್ಲ.

ನಾಯಿಗೆ ಗುಂಡು ಹಾರಿಸೋದು ನೋಡಿ ಚಿಕ್ಕಪ್ಪಂಗೆ ಸಿಟ್ಟು ಬಂತು. ಆಮೇಲೆ ಆ ನಾಯಿ ಕ್ಯಾಂಪಿನ ಒಳಗೆ ಓಡಾಡುತ್ತೆ. ಬೊಗಳಲ್ಲ, ಬಾಲ ಅಲ್ಲಾಡಿಸಲ್ಲ, ಬಾಗಿಲ ಹತ್ರ ನಿಂತು ಒಳಗಿರೋರನ್ನ ಸುಮ್ಮನೆ ನೋಡುತ್ತೆ. ಚಿಕ್ಕಪ್ಪ ಮುಂದಕ್ಕೆ ಬಗ್ಗಿ, "ಇದು ನಾಯಿ ಅಲ್ಲ ಕಣ್ಲಾ" ಅಂದ. ಸಿನಿಮಾ ಆ ವಿಷಯ ಹೇಳೋಕೆ ಇನ್ನೂ ಟೈಮಿತ್ತು. ಮೊದಲೇ ಆ ನಾರ್ವೆಯವನು ಕೂಗಿದ್ದೂ ಇದೇ ಮಾತು, ಅದು ನಾಯಿ ಅಲ್ಲ ಅಂತಲೇ.

ಅದರ ಕೊನೆ ಗೊತ್ತಲ್ಲ. ಕ್ಯಾಂಪೆಲ್ಲಾ ಸುಟ್ಟು ಉರೀತಿದೆ, ಉಳಿದವರು ಇಬ್ಬರು. ಅವರಲ್ಲಿ ಮನುಷ್ಯ ಯಾರು, ಅದು ಯಾರು, ಇಬ್ಬರಿಗೂ ಗೊತ್ತಿಲ್ಲ. ಒಂದು ಬಾಟಲಿ ಹಂಚಿಕೊಂಡು ಚಳಿಯಲ್ಲಿ ಕೂತಿರ್ತಾರೆ. ಅಲ್ಲಿಗೆ ಟೈಟಲ್ ಬಂತು.

"ಮುಗೀತಾ?" ಅಂದ ಚಿಕ್ಕಪ್ಪ.

"ಮುಗೀತು. ಇಷ್ಟೇ."

"ಹೂಂ, ಬೆಳಗಾದ್ರೆ ಗೊತ್ತಾಯ್ತದೆ ಬುಡು" ಅಂತ ಎದ್ದು, ಮಂಡಿ ಹಿಡ್ಕೊಂಡು ಲೈಟ್ ಆರಿಸೋಕೆ ಹೋದ.