ಮಕ್ಕಳ ಹೊರೆ ಮಕ್ಕಳ ಹೆಗಲಿಗೆ

ಮಗುವು ಮೊದಲ ಹೆಜ್ಜೆಯಿಡುವಾಗ ಬಿದ್ದರೆ ತಾಯ್ತಂದೆಗಳು ನಕ್ಕು ಚಪ್ಪಾಳೆ ತಟ್ಟುತ್ತಾರೆ. ಅದೇ ಮಗು ಹದಿನಾರನೆಯ ವಯಸ್ಸಿನಲ್ಲಿ ಎಡವಿದರೆ ಓಡಿಬಂದು ಎತ್ತಿಕೊಳ್ಳುತ್ತಾರೆ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಉಪಾಧ್ಯಾಯರಾಗಿದ್ದು ಈಗ ನಿವೃತ್ತರಾಗಿರುವ ನಾವು ಈ ವೈಪರೀತ್ಯವನ್ನು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಮಗನ ಅರ್ಜಿಯನ್ನು ತಂದೆಯು ಬರೆಯುವನು. ಮಗಳಿಗೂ ಗೆಳತಿಗೂ ಮಾತು ಬೆಳೆದರೆ ತಾಯಿಯು ಆ ಗೆಳತಿಯ ಮನೆಗೆ ದೂರವಾಣಿ ಮಾಡುವಳು. ಇದಕ್ಕೆ ಪ್ರೀತಿಯೇ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ಪ್ರೀತಿಯಿಂದ ಮಕ್ಕಳ ಹೆಗಲು ಬಲಿಯುವುದೇ ಎಂದು ಯೋಚಿಸಬೇಕಾಗಿದೆ.

ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿರುವ ಸತ್ಯಕಾಮನ ಕಥೆಯನ್ನು ವಾಚಕರು ಬಲ್ಲರು. ಗುರುಕುಲಕ್ಕೆ ಹೊರಟ ಬಾಲಕನು ತನ್ನ ಗೋತ್ರವಾವುದೆಂದು ತಾಯಿ ಜಬಾಲೆಯನ್ನು ಕೇಳಿದನು. ತನಗದು ತಿಳಿಯದೆಂಬ ನಿಜವನ್ನೇ ಅವಳು ಹೇಳಿದಳು. ಜೊತೆಯಲ್ಲಿ ಹೋಗಿ ಗುರುವಿನ ಮುಂದೆ ಮಗನ ಪರವಾಗಿ ಮಾತನಾಡಲಿಲ್ಲ. ಕಠಿನವಾದ ಆ ಪ್ರಶ್ನೆಗೆ ಬಾಲಕನೇ ನಿಂತು ಉತ್ತರ ಕೊಟ್ಟನು. ಆತನ ಸತ್ಯವನ್ನು ಮೆಚ್ಚಿದ ಗೌತಮರು ಶಿಷ್ಯನಾಗಿ ಸ್ವೀಕರಿಸಿ 400 ಬಡಕಲು ಹಸುಗಳನ್ನು ಒಪ್ಪಿಸಿದರು. ಅವು 1000 ಆಗುವವರೆಗೆ ಹಿಂದಿರುಗುವುದಿಲ್ಲವೆಂದು ನಿಶ್ಚಯಿಸಿದವನು ಸತ್ಯಕಾಮನೇ.

ನಮ್ಮ ನೆರೆಮನೆಯ ಹುಡುಗಿಯೊಬ್ಬಳು ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾಗ ಜ್ವರದಿಂದ ಕೆಲವು ವಾರ ಮಲಗಿದಳು. ಪರೀಕ್ಷೆಗೆ ಬೇಕಾದ ಶೇಕಡಾ 75ರ ಹಾಜರಿಯು ತಪ್ಪುವ ಭಯವುಂಟಾಯಿತು. ತಂದೆಯು ಕಾಲೇಜಿಗೆ ಹೊರಟುನಿಂತರು. ತಾಯಿಯು ಅವರನ್ನು ತಡೆದು, “ನೀನೇನು ಮಾಡಬೇಕೆಂದಿದ್ದೀಯಮ್ಮಾ? ನಮ್ಮಿಂದೇನಾಗಬೇಕು?” ಎಂದು ಮಗಳನ್ನು ಕೇಳಿದರು. ಹುಡುಗಿಯು ಸ್ವಲ್ಪ ಹೊತ್ತು ಅತ್ತಳು. ಬಳಿಕ ವೈದ್ಯರ ಪತ್ರವನ್ನು ಹುಡುಕಿ, ಅರ್ಜಿ ಬರೆದು, “ತಾತಾ, ಸರಿಯಿದೆಯೇ ನೋಡಿ” ಎಂದು ನಮ್ಮಲ್ಲಿಗೆ ತಂದಳು. ನಾವು ಎರಡು ಕಾಗುಣಿತದ ತಪ್ಪುಗಳನ್ನು ತೋರಿಸಿದೆವು, ಅವಳೇ ತಿದ್ದಿಕೊಂಡಳು. ಪ್ರಾಂಶುಪಾಲರನ್ನು ಕಾಣಲು ಮೊದಲ ದಿನ ಆಗಲಿಲ್ಲ. ಮರುದಿನ ಮತ್ತೆ ಹೋದಳು. ಉಳಿದ ತರಗತಿಗಳನ್ನು ಒಂದೂ ತಪ್ಪಿಸದಿದ್ದರೆ ಲೆಕ್ಕವು ಸರಿಹೋಗುವುದೆಂದು ತಿಳಿದುಬಂದಿತು. ಹಾಗೆಯೇ ನಡೆದು ಪರೀಕ್ಷೆಗೆ ಕುಳಿತಳು. ಆ ಎರಡು ದಿನ ತಂದೆಗೆ ಊಟ ರುಚಿಸಲಿಲ್ಲ. ಸುಮ್ಮನೆ ಕುಳಿತಿರುವುದೇ ಅವರಿಗೆ ದೊಡ್ಡ ತಪಸ್ಸಾಯಿತು.

ಹೀಗೆಂದು ಎಲ್ಲ ಹೊರೆಯನ್ನೂ ಮಕ್ಕಳ ಮೇಲೆ ಹಾಕತಕ್ಕದ್ದಲ್ಲ. ಹಿಂಸೆ, ಬೆದರಿಕೆ, ಮಾನಭಂಗದ ಯತ್ನ, ಬದುಕೇ ಬೇಡವೆಂಬ ಮಾತು, ಇವು ಕಂಡೊಡನೆ ಹಿರಿಯರು ನಡುವೆ ಬರಲೇಬೇಕು. ಮನಸ್ಸಿನ ಸಂಕಟಕ್ಕೆ ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯೂ ಉಂಟು. ಅದರ ಸಂಖ್ಯೆ 14416. ಆದರೆ ಕಡಿಮೆ ಬಂದ ಅಂಕ, ಮುರಿದ ಸ್ನೇಹ, ಕಳೆದುಹೋದ ಬಸ್ಸಿನ ಪಾಸು, ಇವೆಲ್ಲ ಹದಿನಾರರ ಹೆಗಲು ಹೊರಬಲ್ಲ ಭಾರಗಳು.

ಮಕ್ಕಳು ಇಂತಹುದೊಂದನ್ನು ಮನೆಗೆ ತಂದಾಗ, ಚಪ್ಪಲಿ ಮೆಟ್ಟಿ ಹೊರಡುವ ಮೊದಲು, ಆ ತಾಯಿಯ ಎರಡು ಪ್ರಶ್ನೆಗಳನ್ನು ಕೇಳಿ ಉತ್ತರಕ್ಕಾಗಿ ಕಾದುನೋಡಬೇಕೆಂದು ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ.