ಕೂಡಿಸುವುದೂ ಬಿಡಿಸುವುದೂ

ಹರಿಹರದ ಹರಿಹರೇಶ್ವರನ ಮೂರ್ತಿಯಲ್ಲಿ ಬಲಭಾಗ ಹರನದು, ಎಡಭಾಗ ಹರಿಯದು, ವಿಗ್ರಹ ಒಂದೇ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಈ ಗುಡಿಯನ್ನು 1224ರ ಸುಮಾರಿಗೆ ಕಟ್ಟಿಸಿದನು. ಶಿಲೆ ಒಂದಾದರೂ ಎಲ್ಲೆ ಅಳಿದಿಲ್ಲವೆಂಬ ಈ ಮಾತು ಗಣಕಯಂತ್ರದ ತಂತ್ರಾಂಶಗಳನ್ನು ರಚಿಸುವವರಿಗೂ ಉಪಯುಕ್ತವಾದುದು.

ತಂತ್ರಾಂಶವನ್ನು ಇಡಿಯಾಗಿ ಒಂದೇ ಕಟ್ಟಿನಲ್ಲಿ ನಡೆಯಿಸುವುದಕ್ಕೆ ಮಾನೊಲಿತ್, ಅಂದರೆ ಏಕಶಿಲೆ, ಎಂದು ಹೆಸರು. ಕೆಲಸಕ್ಕೊಂದರಂತೆ ಬಿಡಿಸಿ, ಜಾಲದ ಮೂಲಕ ಮಾತಾಡಿಕೊಳ್ಳುವಂತೆ ಮಾಡಿದರೆ ಅವು ಮೈಕ್ರೋಸರ್ವೀಸುಗಳು.

ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದನ್ನು ಭಾವಿಸೋಣ. ತೂಕವೂ ಪಾವತಿಯೂ ಒಂದೇ ಕಟ್ಟಿನಲ್ಲಿ, ಒಂದೇ ಲೆಕ್ಕದ ಪುಸ್ತಕದಲ್ಲಿದ್ದರೆ, ಎರಡೂ ಒಟ್ಟಿಗೆ ದಾಖಲಾಗುವಂತೆ ಮಾಡುವುದು ಸುಲಭ. ಬಿಡಿಸಿದಲ್ಲಿ ಸಂಪರ್ಕ ಕಡಿದು, ಜೋಳ ತೂಗಿಯೂ ರೈತನ ಹಣ ನಿಂತೀತು. ಆದರೆ ಸುಗ್ಗಿಯಲ್ಲಿ ತೂಕದ ಕೆಲಸವೊಂದನ್ನೇ ಹೆಚ್ಚು ಯಂತ್ರಗಳಿಗೆ ಹಂಚುವ ಅನುಕೂಲವು ಬಿಡಿಸಿದವನಿಗೇ ಉಂಟು. ಹಾಗಾದರೆ ಯಾವುದು ಮೇಲು?

ಎರಡಕ್ಕೂ ಒದಗುವಂತೆ ರಚಿಸಬಹುದೆಂಬುದಕ್ಕೆ ವೇದಾಧ್ಯಯನವೇ ದೃಷ್ಟಾಂತ. ಒಂದೇ ಮಂತ್ರವನ್ನು ಸಂಧಿಗೂಡಿಸಿ ಹೇಳಿದರೆ ಸಂಹಿತಾಪಾಠ. ಬಿಡಿಸಿ ಹೇಳಿದರೆ ಪದಪಾಠ. ಋಗ್ವೇದದ ಪದಪಾಠವು ಶಾಕಲ್ಯನದೆಂದು ಪ್ರಸಿದ್ಧಿ. ಪದಗಳ ಎಲ್ಲೆಯನ್ನು ಬಲ್ಲವನು ಎರಡನ್ನೂ ಹೇಳಬಲ್ಲನು; ಅರಿಯದವನು ಬಿಡಿಸಹೋದರೆ ಅರ್ಥವೇ ಕೆಡುವುದು.

ತಂತ್ರಾಂಶದಲ್ಲಿ ಈ ಎಲ್ಲೆಯನ್ನು ಹಾಕುವ ಬಗೆಯನ್ನು ಡೇವಿಡ್ ಪಾರ್ನಾಸ್ ಎಂಬ ವಿದ್ವಾಂಸರು 1972ರಲ್ಲಿ ವಿವರಿಸಿದರು. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಣಯವನ್ನು ಒಂದೊಂದು ಭಾಗದೊಳಗೆ ಮರೆಮಾಡಬೇಕೆಂಬುದು ಅವರ ಅಭಿಪ್ರಾಯ. ಅದರಂತೆ ತೂಕದ ಭಾಗವು ಪಾವತಿಯ ಪುಸ್ತಕಕ್ಕೆ ಕೈಹಾಕತಕ್ಕದ್ದಲ್ಲ, ಕೇಳಿಯೇ ಪಡೆಯತಕ್ಕದ್ದು. ಒಂದೇ ಕಟ್ಟಿನಲ್ಲಿರುವಾಗಲೂ ಉತ್ತರವು ತಡವಾದೀತು, ಬಾರದೆಯೂ ಹೋದೀತು ಎಂದು ಎಣಿಸಿಯೇ ಬರೆಯಬೇಕು. ಪ್ರತಿ ತೂಕಕ್ಕೂ ಒಂದು ಸಂಖ್ಯೆಯಿರಬೇಕು. ಬೇಡಿಕೆಯನ್ನು ಮರಳಿ ಕಳುಹಿಸಿದರೂ ಆ ಸಂಖ್ಯೆಯನ್ನು ಕಂಡು ಪಾವತಿಯ ಭಾಗವು ಎರಡನೆಯ ಸಲ ಹಣ ಕೊಡದು. ಇಷ್ಟಾದ ಮೇಲೆ ಕೂಡಿಸುವುದೂ ಬಿಡಿಸುವುದೂ ಬಹುಮಟ್ಟಿಗೆ ನಡೆಯಿಸುವವನ ಇಚ್ಛೆ.

ಗೂಗಲ್ ಸಂಸ್ಥೆಯು 2023ರಲ್ಲಿ ಸರ್ವಿಸ್ ವೀವರ್ ಎಂಬ ಸಾಧನವನ್ನು ಹೊರತಂದಿತು. ಒಂದಾಗಿ ಬರೆದು, ಎಷ್ಟು ಭಾಗವಾಗಿ ನಡೆಯಿಸಬೇಕೆಂಬುದನ್ನು ಅನಂತರ ನಿರ್ಧರಿಸುವುದೇ ಅದರ ಉದ್ದೇಶ. 2024ರ ಕೊನೆಗೆ ಅದರ ಬೆಳವಣಿಗೆಯನ್ನು ನಿಲ್ಲಿಸಿ ನಿರ್ವಹಣೆಗೆ ಮಾತ್ರ ಸೀಮಿತಗೊಳಿಸಲಾಯಿತು. ಹಳೆಯ ತಂತ್ರಾಂಶಗಳನ್ನು ಬಹುಭಾಗ ತಿರುಗಿ ಬರೆಯಬೇಕಾಗಿ ಬಂದುದೇ ಅದರ ತೊಡಕು. ಆದಕಾರಣ ಎಲ್ಲೆಗಳನ್ನು ಮೊದಲ ದಿನವೇ ಗುರುತಿಸುವುದು ಲೇಸು. ಮಂಡಿ ಚಿಕ್ಕದಾಗಿರುವವರೆಗೆ ಒಂದೇ ಯಂತ್ರ ಸಾಕು. ಬಂಡಿಗಳ ಸಾಲು ಬೆಳೆದ ವರ್ಷ ತೂಕವನ್ನು ಬೇರೆ ಮಾಡಿದರಾಯಿತು. ರೈತನ ಹಣಕ್ಕೆ ಎರಡು ಕಾಲದಲ್ಲಿಯೂ ಚ್ಯುತಿ ಬಾರದು.